ದಾದಿಮಾನ ಊಟ ಉಂಡವಳು

ನಾನು ಟೀಚರಾಗಿ ತಿ. ನರಸೀಪುರದ ಶಾಲೆಗೆ ಸೇರಿದಾಗ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ರಂಜಾನ್ ತಿಂಗಳು ಬಂತೆಂದರೆ ಸ್ಟಾಫ್ ರೂಮಿನಲ್ಲಿ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ. ಊಟದ ಡಬ್ಬಿ ಬಿಚ್ಚುತ್ತಾ ಯಾರಾದರೊಬ್ಬರು ಕೇಳುವರು: "ಮಿಸ್, ಈ ಉಪವಾಸ ನಿಮ್ಮಲ್ಲಿ ಕಡ್ಡಾಯವಾ, ಇಲ್ಲಾ ನಿಮ್ಮಿಷ್ಟವಾ?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುತ್ತಿರಲಿಲ್ಲ. ಆದರೆ ಕಡ್ಡಾಯ ಅಂದರೆ ಅಯ್ಯೋ ಪಾಪ ಅನ್ನುತ್ತಾರೆ, ಇಷ್ಟ ಅಂದರೆ ನಂಬುವುದಿಲ್ಲ. ಅದಕ್ಕೇ ನಾನು ನನ್ನ ದಾದಿಮಾನ, ಅಂದರೆ ಅಪ್ಪನ ಅಮ್ಮನ, ಕಥೆ ಶುರು ಮಾಡುತ್ತಿದ್ದೆ. ಅರ್ಧಕ್ಕೆ ಬರುವಷ್ಟರಲ್ಲಿ ಬೆಲ್ ಹೊಡೆದುಬಿಡುತ್ತಿತ್ತು. ಇಲ್ಲಿ ಬೆಲ್ಲಿನ ಕಾಟವಿಲ್ಲ, ಪೂರ್ತಿ ಹೇಳಿಬಿಡುತ್ತೇನೆ.

ಇದು ತೊಂಬತ್ತರ ದಶಕದ ಶುರುವಿನಲ್ಲಿ, ನಂಜನಗೂಡಿನ ನಮ್ಮ ಮನೆಯಲ್ಲಿ ನಡೆದದ್ದು. ಆಗ ನನಗೆ ಹತ್ತು ವರ್ಷ. ಮನೆಯಲ್ಲಿ ಅಬ್ಬಾ, ಅಮ್ಮಿ, ದಾದಿಮಾ ಮತ್ತು ನಾನು. ಅಬ್ಬಾ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದರು. ಸುತ್ತಮುತ್ತಲ ಹಳ್ಳಿಗಳಲ್ಲಿ ಪಂಪ್‌ಸೆಟ್ಟು ಸುಟ್ಟರೆ ರೈತರು ಮೋಟರನ್ನು ಸೈಕಲ್ಲಿಗೋ ಗಾಡಿಗೋ ಹೇರಿಕೊಂಡು ಅಬ್ಬಾನ ಹತ್ತಿರ ಬರುತ್ತಿದ್ದರು. ಒಳಗಿನ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತಿ ಕೊಡುವುದು ಅಬ್ಬಾನ ಕೆಲಸ. ಸುತ್ತು ಒಂದು ಹೆಚ್ಚಾದರೂ ತಪ್ಪು, ಒಂದು ಕಮ್ಮಿಯಾದರೂ ತಪ್ಪು. ಅಂಗಡಿಯ ಈ ಶಿಸ್ತು ಅಂಗಡಿಯಲ್ಲೇ ಇದ್ದಿದ್ದರೆ ನಮಗೇನೂ ತೊಂದರೆ ಇರಲಿಲ್ಲ. ಅದು ದಿನಾ ಸಂಜೆ ಅಬ್ಬಾನ ಜೊತೆಗೇ ಮನೆಗೆ ಬರುತ್ತಿತ್ತು. ಚಪ್ಪಲಿ ಎಲ್ಲಿ ಬಿಡಬೇಕು, ಕುರಾನ್ ಓದುವಾಗ ಹೇಗೆ ಕೂರಬೇಕು, ಎಷ್ಟು ಜೋರಾಗಿ ನಗಬೇಕು, ಎಲ್ಲಕ್ಕೂ ಅವರ ಹತ್ತಿರ ಒಂದು ಲೆಕ್ಕ ಇತ್ತು. ಕೆಟ್ಟ ಮನುಷ್ಯರಲ್ಲ, ಕೈಯೆತ್ತಿ ಹೊಡೆದವರಲ್ಲ. ಹೇಳಿದ್ದು ಆಗಬೇಕು, ಅಷ್ಟೆ.

ಆ ವರ್ಷ ರಂಜಾನಿನ ಚಂದ್ರ ಕಂಡ ಸಂಜೆ ಅಬ್ಬಾ ಹಜಾರದ ನಡುವೆ ನಿಂತು ಎರಡು ಆರ್ಡರ್ ಹೊರಡಿಸಿದರು.

"ಇವಳಿಗೆ ಹತ್ತಾಯಿತು. ಈ ಸಲ ಪೂರ್ತಿ ತಿಂಗಳು ರೋಜಾ ಇಡಬೇಕು," ಎಂದರು ನನ್ನ ಕಡೆ ಬೆರಳು ಮಾಡಿ. ರೋಜಾ ಅಂದರೆ ಉಪವಾಸ. ಬೆಳಗಿನ ಜಾವದಿಂದ ಸೂರ್ಯ ಮುಳುಗುವತನಕ ಒಂದು ಗುಟುಕು ನೀರೂ ಇಲ್ಲ. ಆಮೇಲೆ ದಾದಿಮಾನ ಕಡೆ ತಿರುಗಿದರು. "ಅಮ್ಮಾ, ನಿಮಗೆ ಸಕ್ಕರೆ ಕಾಯಿಲೆ. ಡಾಕ್ಟರು ಬೇಡ ಅಂದಿದ್ದಾರೆ, ಮಸೀದಿಯ ಹಜರತರನ್ನೂ ಕೇಳಿದ್ದೀನಿ. ಕಾಯಿಲೆಯವರು ಇಡಬೇಕಾಗಿಲ್ಲ, ಬದಲಿಗೆ ಬಡವರಿಗೆ ಊಟ ಹಾಕಿದರೆ ಸಾಕು. ಈ ವರ್ಷ ನೀವು ಒಂದು ರೋಜಾನೂ ಇಡಬಾರದು."

ಎರಡೂ ಮಾತು ನ್ಯಾಯವಾದದ್ದೇ. ನಮ್ಮಿಬ್ಬರನ್ನೂ ಕೇಳಲಿಲ್ಲ ಅನ್ನುವುದೊಂದೇ ಕೊರತೆ. ಬೇಡವೇ ಬೇಡ ಅನ್ನುವವಳಿಗೆ ಇಡು ಅಂದರು, ಬೇಕೇ ಬೇಕು ಅನ್ನುವವರಿಗೆ ಬಿಡು ಅಂದರು. ನನಗಂತೂ ಮೈಯೆಲ್ಲ ಉರಿದುಹೋಯಿತು. ದಾದಿಮಾ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದರು, ಮತ್ತೆ ಕುಟ್ಟತೊಡಗಿದರು. ಅವರು ಅಷ್ಟು ಜೋರಾಗಿ ಕುಟ್ಟಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ದಾದಿಮಾ ಬನ್ನೂರಿನ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಆ ಹಳ್ಳಿಗೆಲ್ಲ ಮುಸಲ್ಮಾನರ ಮನೆ ಅವರದೊಂದೇ. ಹಾಗಾಗಿ ನಮ್ಮ ಮನೆಯಲ್ಲಿ ಉರ್ದು ಓಡಾಡುತ್ತಿದ್ದರೂ ದಾದಿಮಾನ ನಾಲಿಗೆ ಮಾತ್ರ ಗದ್ದೆ ಬಯಲಿನ ಕನ್ನಡ ಬಿಟ್ಟು ಕದಲುತ್ತಿರಲಿಲ್ಲ. ಮಸೀದಿ ಇಲ್ಲದ ಊರಿನಲ್ಲಿ ಅವರ ಮನೆಯವರು ರೋಜಾದ ಬಗ್ಗೆ ಅಷ್ಟೇನೂ ತಲೆ ಕೆಡಿಸಿಕೊಂಡವರಲ್ಲವಂತೆ. ದಾದಿಮಾನೇ ಒಂದು ವರ್ಷ ತಾವಾಗಿ ಶುರು ಮಾಡಿದರಂತೆ.

"ಯಾರೂ ಯೋಳ್ನಿಲ್ಲ ಕಣವ್ವ," ಎಂದು ಅವತ್ತು ರಾತ್ರಿ ಮಲಗುವಾಗ ನನಗೆ ಹೇಳಿದರು. "ನಾನೇ ಮಡುಗ್ದೆ. ಮದ್ವೆ ಮಾಡುದ್ರು, ನನ್ ಕೇಳ್ನಿಲ್ಲ. ಊರು ಬುಡ್ಸುದ್ರು, ಕೇಳ್ನಿಲ್ಲ. ನಿಮ್ ತಾತ ತೀರ್ಕಂಡ್ಮೇಲೆ ಇಲ್ಲಿಗ್ ಕರ್ಕಬಂದ್ರು, ಆಗ್ಲೂ ಕೇಳ್ನಿಲ್ಲ. ನಾನಾಗಿ ಮಾಡಿದ್ದು ಅಂತ ಇದೊಂದೇ ಇರೋದು. ಅದ್ನೂ ಈಗ ಬ್ಯಾಡ ಅಂತಾನಲ್ಲ."

ಹತ್ತು ವರ್ಷದ ನನಗೆ ಇದರ ಭಾರ ಅರ್ಥವಾಯಿತು ಎಂದರೆ ಸುಳ್ಳಾಗುತ್ತದೆ. ಊಟ ಬೇಡ ಅಂತ ಒಬ್ಬರು ಹಟ ಹಿಡಿಯಬಹುದು ಅನ್ನುವುದೇ ನನಗೆ ಆಶ್ಚರ್ಯ. ನಾನು ಹುಟ್ಟಾ ತಿಂಡಿಪೋತಿ.

ಮೊದಲ ರೋಜಾ ಹೇಗೋ ಕಳೆಯಿತು. ಅದೂ ಮಾರ್ಚ್ ಬಿಸಿಲು. ಕಪಿಲೆ ಹರಿಯುವ ಊರಿನಲ್ಲಿ ನೀರು ಕುಡಿಯದೆ ಇರುವುದು ಎಂಥ ಶಿಕ್ಷೆ ಅಂತ ಇಟ್ಟವರಿಗೇ ಗೊತ್ತು. ಬೆಳಗಿನ ಜಾವದ ಊಟ ಮುಗಿದ ಮೇಲೆ ಈ ದಿನ ಉಪವಾಸ ಇರುತ್ತೇನೆ ಅಂತ ಸಂಕಲ್ಪ ಮಾಡಬೇಕು, ಅದಕ್ಕೆ ನಿಯ್ಯತ್ ಅನ್ನುತ್ತೇವೆ. ಅಬ್ಬಾ ಅದನ್ನು ಅರಬ್ಬಿಯಲ್ಲಿ ಒಂದೊಂದೇ ಪದ ಹೇಳಿ ನನ್ನಿಂದ ಹೇಳಿಸುತ್ತಿದ್ದರು. ನಿದ್ದೆಗಣ್ಣಿನಲ್ಲಿ ನಾನು ಒಪ್ಪಿಸುತ್ತಿದ್ದೆ. ಎರಡನೆಯ ದಿನ ಅಮ್ಮಿಯನ್ನು ಅದರ ಅರ್ಥ ಕೇಳಿದೆ. ಅಮ್ಮಿ ಪಾತ್ರೆ ತೊಳೆಯುತ್ತಾ, "ನಾಳೆಯ ದಿನ ರೋಜಾ ಇಡುತ್ತೇನೆ ಅಂತ ಮನಸ್ಸು ಮಾಡಿದ್ದೀನಿ, ಅಂತ," ಎಂದರು.

ನಾಳೆ! ನನ್ನ ನಿದ್ದೆ ಹಾರಿಹೋಯಿತು.

ಆ ಕಾಲದಲ್ಲಿ ಊರಿಗೆಲ್ಲ ಒಂದು ದೆವ್ವದ ಸುದ್ದಿ ಹಬ್ಬಿತ್ತು. ರಾತ್ರಿ ಬಂದು ಬಾಗಿಲು ತಟ್ಟಿ ನಮ್ಮವರ ದನಿಯಲ್ಲೇ ಕರೆಯುತ್ತದಂತೆ. ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತದಂತೆ. ಮರುದಿನ ಬಂದರೆ ಮತ್ತೆ "ನಾಳೆ ಬಾ", ಮತ್ತೆ ವಾಪಸ್. ನಮ್ಮ ಬೀದಿಯಲ್ಲಿ ಬರೆಯದ ಬಾಗಿಲೇ ಇರಲಿಲ್ಲ. ಎದುರು ಮನೆಯ ಬಾಗಿಲ ಬರಹವನ್ನು ದಿನಾ ನೋಡುತ್ತಿದ್ದ ನನಗೆ ನಿಯ್ಯತ್ತಿನ ಗುಟ್ಟು ಥಟ್ಟನೆ ಹೊಳೆಯಿತು. ನಾಳೆ ಇಡುತ್ತೇನೆ ಅಂತ ದೇವರಿಗೆ ಹೇಳಿಯಾಗಿದೆ. ನಾಳೆ ಬೆಳಗ್ಗೆ ಮತ್ತೆ ನಾಳೆ ಅನ್ನುತ್ತೇವೆ. ಇವತ್ತು ಅನ್ನುವ ಮಾತೇ ಎಲ್ಲೂ ಬಂದಿಲ್ಲವಲ್ಲ! ಇಷ್ಟು ದೊಡ್ಡವರಾಗಿ ಇವರೆಲ್ಲ ಯಾಕೆ ಸುಮ್ಮನೆ ಹಸಿದುಕೊಂಡಿದ್ದಾರೆ ಅಂತ ನನಗೆ ಕನಿಕರವೂ ಆಯಿತು.

ಶಾಲೆಯಲ್ಲಿ ಗೆಳತಿಯ ಹತ್ತಿರ ಕಡಲೆಕಾಯಿ ಚಿಕ್ಕಿ ಇಸಿದುಕೊಂಡು, ಅಗಿಯುತ್ತಾ ಅಗಿಯುತ್ತಾ ಮನೆಗೆ ಬಂದೆ. ಬಾಗಿಲಲ್ಲೇ ಅಬ್ಬಾ.

"ಏನದು ಬಾಯಲ್ಲಿ?"

"ಚಿಕ್ಕಿ."

"ರೋಜಾ?"

"ಅದು ನಾಳೆ, ಅಬ್ಬಾ. ನೀವೇ ಹೇಳಿಸಿದ್ರಲ್ಲ, ನಾಳೆ ಇಡ್ತೀನಿ ಅಂತ. ಎದುರು ಮನೇಲೂ ಹಂಗೇ ಬರೆದಿದ್ದಾರೆ."

ಅಮ್ಮಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದರು. ಒಳಕೋಣೆಯಿಂದ ದಾದಿಮಾ ಬಿದ್ದು ಬಿದ್ದು ನಗುವುದು ಕೇಳಿಸಿತು. ಅಬ್ಬಾ ಮಾತ್ರ ನಗಲಿಲ್ಲ. ಆ ಮಾತು ಹಿಂದಿನ ರಾತ್ರಿಯೇ ಹೇಳಿಕೊಳ್ಳಲೆಂದು ಕಟ್ಟಿದ್ದು, ಅದಕ್ಕೇ ಅದರಲ್ಲಿ ನಾಳೆ ಅಂತ ಬರುತ್ತದೆ ಎಂದು ದೊಡ್ಡ ಪಾಠ ಮಾಡಿದರು. ಆಮೇಲೆ ಮೂರನೆಯ ಆರ್ಡರ್: ದಿನಾ ಸಂಜೆ ನಾನು ಅಬ್ಬಾಗೆ ನಾಲಿಗೆ ತೋರಿಸಬೇಕು. ಉಪವಾಸ ಇದ್ದವರ ನಾಲಿಗೆ ಬೆಳ್ಳಗಿರುತ್ತದೆ, ತಿಂದವರದು ಕೆಂಪಗಿರುತ್ತದೆ. ಮೋಟರ್ ಚೆಕ್ ಮಾಡುವವರಿಗೆ ನಾಲಿಗೆ ಯಾವ ಲೆಕ್ಕ!

ಮರುದಿನ ಮಧ್ಯಾಹ್ನ ನಾನು ಶಾಲೆಯಿಂದ ಬಂದು ದಾದಿಮಾನ ಕೋಣೆಯಲ್ಲಿ ನೆಲದ ಮೇಲೆ ಅಂಗಾತ ಬಿದ್ದುಕೊಂಡಿದ್ದೆ. ಬೇಸಿಗೆಯ ಮಾರ್ನಿಂಗ್ ಸ್ಕೂಲು, ಹಾಗಾಗಿ ಸಂಜೆತನಕ ಮಾಡಲು ಹಸಿವಿನ ಹೊರತು ಬೇರೆ ಕೆಲಸವಿಲ್ಲ. ಅಮ್ಮಿ ದಾದಿಮಾಗೆ ಊಟದ ತಟ್ಟೆ ತಂದಿಟ್ಟು ಹೋದರು. ದಾದಿಮಾ ತಟ್ಟೆ ನೋಡಿದರು, ನನ್ನನ್ನು ನೋಡಿದರು, ಎದ್ದು ಬಾಗಿಲು ಮುಂದೆ ಮಾಡಿದರು.

"ಏಳು ಕೂಸೇ. ಉಣ್ಣು."

"ರೋಜಾ ಇದೀನಿ ದಾದಿಮಾ."

"ಅದು ನಿನ್ ರೋಜಾ ಅಲ್ಲ, ನಿಮ್ಮಪ್ಪುಂದು. ಮಡುಗೋದು ಅಂದ್ರೇನು? ನಮ್ ಕೈಲಿರೋದ ತಾನೆ ನಾವು ಮಡುಗ್ಬೇಕು? ಇನ್ನೊಬ್ರ ಕೈಲಿರೋದ ನೀನೆಂಗ್ ಮಡುಗ್ತೀಯ? ನಿಂಗಿನ್ನೂ ವಯಸ್ಸಾಗಿಲ್ಲ, ಪಾಪ ಬರಾಕಿಲ್ಲ. ಉಣ್ಣು."

"ನೀವು?"

"ನಾನು ಬೆಳಗಿನ್ ಜಾವದಲ್ಲೇ ಮಡುಗಿವ್ನಿ," ಎಂದರು ಗುಟ್ಟಾಗಿ. ಬೆಳಗಿನ ಜಾವ ಎಲ್ಲರ ಜೊತೆ ಕೂತು, ಸುಮ್ಮನೆ ಎಚ್ಚರ ಆಯಿತು ಅಂತ ನೆಪ ಹೇಳಿ ಎರಡು ಚಪಾತಿ ತಿಂದು ಚಹಾ ಕುಡಿದದ್ದು ಇದಕ್ಕೇ ಅಂತ ನನಗೆ ಆಗ ತಿಳಿಯಿತು.

ಹೀಗೆ ಒಪ್ಪಂದವಾಯಿತು. ದಾದಿಮಾನ ಊಟ ನನಗೆ, ನನ್ನ ಉಪವಾಸ ಅವರಿಗೆ. ಇಬ್ಬರಿಗೂ ಬೇಕಾದದ್ದು ಸಿಕ್ಕಿತು. ಆದರೆ ಆ ತಟ್ಟೆಯಲ್ಲಿ ಏನಿರುತ್ತಿತ್ತು ಅಂತ ನಾನು ಮೊದಲೇ ಯೋಚಿಸಬೇಕಿತ್ತು. ಸಕ್ಕರೆ ಕಾಯಿಲೆಯವರ ತಟ್ಟೆ. ರಾಗಿಮುದ್ದೆ, ಉಪ್ಪು ಕಮ್ಮಿಯ ಸೊಪ್ಪಿನ ಸಾರು, ಪಕ್ಕದಲ್ಲಿ ಹಾಗಲಕಾಯಿ ಪಲ್ಯ. ಒಂದು ದಿನವೂ ಬಿಡದೆ ಹಾಗಲಕಾಯಿ. ಯಾರೋ ಅಬ್ಬಾಗೆ ಅದು ಒಳ್ಳೆಯದು ಅಂದಿದ್ದರಂತೆ. ತಟ್ಟೆ ಖಾಲಿಯಾಗದಿದ್ದರೆ ಅಮ್ಮಿಗೆ ಗೊತ್ತಾಗುತ್ತದೆ, ಅದಕ್ಕೆ ಒಂದು ಚೂರೂ ಬಿಡುವ ಹಾಗಿಲ್ಲ. ಕಣ್ಣುಮುಚ್ಚಿ ನುಂಗುತ್ತಿದ್ದೆ. ದಾದಿಮಾ ಎದುರು ಕೂತು, "ಚೆನ್ನಾಗದಾ?" ಎಂದು ಕೇಳಿ ನಗುತ್ತಿದ್ದರು. ಸಂಜೆಯ ಪರೀಕ್ಷೆಗೆ ಅವರೇ ಒಂದು ಚಿಟಿಕೆ ಅಕ್ಕಿ ಹಿಟ್ಟನ್ನು ನನ್ನ ನಾಲಿಗೆಗೆ ಸವರುತ್ತಿದ್ದರು. ಅಬ್ಬಾ ಬಗ್ಗಿ ನೋಡಿ, "ಭೇಷ್" ಅನ್ನುವರು. ವಾರ ಕಳೆಯುವಷ್ಟರಲ್ಲಿ ನನ್ನ ಕೆನ್ನೆ ತುಂಬಿಕೊಂಡಿತು. "ನೋಡು, ರೋಜಾ ಇಟ್ಟ ಮಗುವಿನ ಮುಖದಲ್ಲಿ ಎಂಥ ಕಳೆ," ಎಂದು ಅಬ್ಬಾ ಅಮ್ಮಿಯ ಹತ್ತಿರ ಹೇಳಿಕೊಂಡರು.

ರಂಜಾನ್ ಅರ್ಧ ಕಳೆದಿತ್ತು. ತಿ. ನರಸೀಪುರದಲ್ಲಿರುವ ಅಬ್ಬಾನ ತಂಗಿ, ನಮ್ಮ ಫುಪ್ಪು, ಸಂಜೆಯ ಇಫ್ತಾರಿಗೆ ಕರೆದಿದ್ದರು. ಅಮ್ಮಿ ಮನೆಯಲ್ಲಿ ಉಳಿದರು. ನಾನು, ಅಬ್ಬಾ, ದಾದಿಮಾ ಮಧ್ಯಾಹ್ನದ ಬಸ್ಸು ಹತ್ತಿದೆವು. ಅಂದಿನ ಮುದ್ದೆ, ಹಾಗಲಕಾಯಿ ಎಂದಿನಂತೆ ನನ್ನ ಹೊಟ್ಟೆಯಲ್ಲಿ ಭದ್ರವಾಗಿದ್ದವು. ಬಸ್ಸು ತುಂಬಿ ತುಳುಕುತ್ತಿತ್ತು, ಬಿಸಿಲೂ ಜೋರಾಗಿತ್ತು. ಸುತ್ತೂರು ದಾಟಿದ ಮೇಲೆ ದಾದಿಮಾ ನನ್ನ ಭುಜಕ್ಕೆ ತಲೆ ಒರಗಿಸಿದರು. ನಿದ್ದೆ ಇರಬೇಕು ಅಂದುಕೊಂಡೆ. ಆಮೇಲೆ ನನ್ನ ತೋಳು ಒದ್ದೆಯಾಯಿತು. ನೋಡಿದರೆ ಅವರ ಹಣೆ, ಕತ್ತು ಎಲ್ಲ ಬೆವರು, ಕೈ ನಡುಗುತ್ತಿದೆ.

"ಅಬ್ಬಾ!" ಎಂದು ಕಿರುಚಿದೆ.

ನಿಂತಿದ್ದ ಅಬ್ಬಾ ಜನರನ್ನು ತಳ್ಳಿಕೊಂಡು ಬಂದರು. ಮುಖ ನೋಡಿದ ಕೂಡಲೇ ಅವರಿಗೆ ತಿಳಿಯಿತು. "ಸಕ್ಕರೆ ಇಳಿದಿದೆ. ಯಾರ ಹತ್ರನಾದ್ರೂ ಸಿಹಿ ಏನಾದ್ರೂ ಇದೆಯಾ?" ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದರು. ಮುಂದಿನ ಸೀಟಿನಲ್ಲಿ ವಿಭೂತಿ ಹಚ್ಚಿದ್ದ ಯಜಮಾನರೊಬ್ಬರು ಕಾಲ ಬಳಿಯ ಕುಕ್ಕೆಯಿಂದ ಬಾಳೆಹಣ್ಣು ಕಿತ್ತು ಚಾಚಿದರು. "ತಗಳಿ ಸಾಬ್ರೆ, ಬೇಗ ತಿನ್ಸಿ ಅಜ್ಜಿಗೆ. ರಸಬಾಳೆ, ಬೆಣ್ಣೆ ಅಂಗದೆ."

ಅಬ್ಬಾ ಹಣ್ಣು ಸುಲಿದು ದಾದಿಮಾನ ಬಾಯಿಯ ಹತ್ತಿರ ಹಿಡಿದರು. "ಅಮ್ಮಾ, ಬಾಯಿ ತೆಗೀರಿ."

ದಾದಿಮಾ ತುಟಿ ಬಿಗಿದು ಮುಖ ತಿರುಗಿಸಿದರು.

"ಬಾಯಿ ತೆಗೀರಿ ಅಂದೆ!"

ಕಂಡಕ್ಟರ್ ಕೂಡ ಶಿಳ್ಳೆ ಕೈಯಲ್ಲಿ ಹಿಡಿದು ತಿರುಗಿ ನೋಡಿದ. ದಾದಿಮಾ ಮಾತ್ರ ಅಲ್ಲಾಡಲಿಲ್ಲ. ನನಗೆ ಭಯವಾಗಿ ಅಳು ಬಂದುಬಿಟ್ಟಿತು.

"ಅಬ್ಬಾ, ದಾದಿಮಾ ರೋಜಾ ಇದ್ದಾರೆ."

"ಏನು ರೋಜಾ? ಮಧ್ಯಾಹ್ನ ಊಟ ಮಾಡಿದ್ರಲ್ಲ!"

"ಅದು ನಾನು ಮಾಡಿದ್ದು. ದಿನಾ ನಾನೇ ಮಾಡಿದ್ದು."

ಅಬ್ಬಾ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಕೋಪ ಬರುವುದಕ್ಕೂ ಪುರುಸೊತ್ತು ಇರಲಿಲ್ಲ ಅವರಿಗೆ. ಮತ್ತೆ ಹಣ್ಣನ್ನು ಬಾಯಿಗೆ ಒಯ್ದರು. ದಾದಿಮಾ ಕಣ್ಣು ಬಿಟ್ಟರು. ದನಿ ತೀರಾ ಸಣ್ಣಗಿತ್ತು, ಆದರೂ ಒಂದೊಂದು ಮಾತೂ ಕೇಳಿಸಿತು.

"ತುರುಕೋದಾದ್ರೆ ತುರುಕು. ಆಗ ಮುರ್ದೋನು ನೀನು, ನಾನಲ್ಲ."

ಬಸ್ಸು ಓಡುತ್ತಲೇ ಇತ್ತು. ಅಬ್ಬಾ, ಊರಿಗೆಲ್ಲ ಲೆಕ್ಕ ಹೇಳುವ ಅಬ್ಬಾ, ಆ ನೂಕುನುಗ್ಗಲಿನಲ್ಲಿ ಸೀಟಿನ ಪಕ್ಕ ಮಂಡಿಯೂರಿದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಮ್ಮಾ, ನಿಮ್ಮ ರೋಜಾ ನಿಮ್ದು. ನಾನು ಇಡಿ, ಬಿಡಿ ಅನ್ನೋ ಹಾಗಿಲ್ಲ. ನಂಗೆ ಭಯ ಆಗ್ತಿದೆ ಅಮ್ಮಾ. ತಿಂತೀರಾ?"

ದಾದಿಮಾ ಮಗನ ಮುಖವನ್ನೇ ನೋಡಿದರು. "ಇಂಗೆ ಕೇಳು," ಎಂದರು. ಕೈ ಚಾಚಿ ಹಣ್ಣನ್ನು ತಾವೇ ಇಸಿದುಕೊಂಡರು. "ನಾನೇ ಮಡುಗ್ದೆ, ನಾನೇ ಮುರೀತೀನಿ." ಒಂದು ತಿಂದರು. ಯಜಮಾನರು ಇನ್ನೊಂದು ಕೊಟ್ಟರು, ಅದನ್ನೂ ತಿಂದರು. ಸ್ವಲ್ಪ ಹೊತ್ತಿಗೆ ಬೆವರು ಆರಿ, ಆ ಯಜಮಾನರಿಗೆ ಹಳ್ಳಿ ಯಾವುದು, ಮಕ್ಕಳು ಎಷ್ಟು ಎಂದು ವಿಚಾರಿಸತೊಡಗಿದರು.

ಫುಪ್ಪುವಿನ ಮನೆ ತಲುಪಿದ ಮೇಲೆ ನಮ್ಮ ಮೂವರಿಗೂ ಸರಿಯಾಗಿ ಮಂಗಳಾರತಿಯಾಯಿತು. ಫುಪ್ಪು ಮೊದಲು ದಾದಿಮಾನನ್ನು ಬೈದರು, ಆಮೇಲೆ ನನ್ನನ್ನು, ಕೊನೆಗೆ ಎಲ್ಲಕ್ಕೂ ನೀನೇ ಕಾರಣ ಅಂತ ಅಬ್ಬಾನನ್ನು. ಮಸೀದಿಯ ಸೈರನ್ ಆಗಿ, ಗಂಜಿ ಕುಡಿದು, ನಮಾಜು ಮುಗಿಸಿ ಬಂದ ಮೇಲೆ ಅಬ್ಬಾ ನನ್ನನ್ನು ಜಗಲಿಗೆ ಕರೆದರು. ಎಂದೂ ಹೊಡೆಯದವರಾದರೂ ಇವತ್ತು ಬೆನ್ನಿಗೆ ಎರಡು ಬೀಳುತ್ತದೆ ಅಂದುಕೊಂಡೇ ಹೋದೆ.

"ಹಾಗಲಕಾಯಿ ಪಲ್ಯಾನೂ ನೀನೇ ತಿಂದ್ಯಾ?" ಎಂದರು.

"ಹೂಂ. ದಿನಾ."

ಅಬ್ಬಾನ ಭುಜ ಕುಲುಕತೊಡಗಿತು. "ಅದಕ್ಕಿಂತ ರೋಜಾನೇ ಸುಲಭ ಇತ್ತಲ್ಲೇ," ಎಂದು ಕಣ್ಣೊರೆಸಿಕೊಂಡು ನಕ್ಕರು. ನಗು ನಿಂತ ಮೇಲೆ ನನ್ನ ತಲೆ ಸವರಿ, "ನಿನಗೆ ಇಡಬೇಕು ಅನ್ನಿಸಿದಾಗ ಇಡು. ನಾನು ನಾಲಿಗೆ ನೋಡಲ್ಲ," ಎಂದರು. ಅಷ್ಟು ಹೇಳಲು ಅವರು ಪಟ್ಟ ಕಷ್ಟ ನನಗೆ ಕಾಣುತ್ತಿತ್ತು. ಆ ಗಳಿಗೆಯಲ್ಲಿ ಅಬ್ಬಾ ನನಗೆ ಎಷ್ಟು ಇಷ್ಟವಾದರೆಂದರೆ, ಮರುದಿನವೇ ರೋಜಾ ಇಟ್ಟು ತೋರಿಸಬೇಕು ಅನ್ನಿಸಿತು. ಬೆಳಗ್ಗೆ ಏಳುವಷ್ಟರಲ್ಲಿ ಆ ಉತ್ಸಾಹ ಇಳಿದುಹೋಗಿತ್ತು. ಆ ವರ್ಷ ನಾನು ಮತ್ತೊಂದು ರೋಜಾ ಇಡಲಿಲ್ಲ. ಮುಂದೆ ಯಾವಾಗಲೋ ಇಡತೊಡಗಿದೆ. ಯಾರೂ ಹೇಳದೆ ಶುರುವಾದದ್ದು, ಅದಕ್ಕೇ ಯಾವ ವರ್ಷ ಅಂತಲೂ ಸರಿಯಾಗಿ ನೆನಪಿಲ್ಲ.

ದಾದಿಮಾ ಮಾತ್ರ ಸುಲಭಕ್ಕೆ ಬಿಡುವವರಲ್ಲ. ನಂಜನಗೂಡಿಗೆ ವಾಪಸ್ಸಾದ ಮೇಲೆ ಅಬ್ಬಾನನ್ನೇ ಹೊರಡಿಸಿಕೊಂಡು ಡಾಕ್ಟರ ಹತ್ತಿರ ಹೋದರು. ಡಾಕ್ಟರು ಬಸ್ಸಿನ ವಿಚಾರ ಕೇಳಿ ಕೆಂಡವಾದರಂತೆ. "ತಿಂಗ್ಳೆಲ್ಲ ಬ್ಯಾಡ ಸಾ, ಒಂದು ದಿನ," ಎಂದು ದಾದಿಮಾ ಚೌಕಾಸಿಗೆ ಕೂತರಂತೆ. ಕೊನೆಗೆ ಡಾಕ್ಟರು ಮಾತ್ರೆಯ ಹೊತ್ತು ಬದಲಾಯಿಸಿ, ಒಂದೇ ಒಂದು ದಿನ, ಪಕ್ಕದಲ್ಲಿ ಯಾರಾದರೂ ಕೂತಿರಬೇಕು, ಸ್ವಲ್ಪ ಬೆವರಿದರೂ ಅಲ್ಲಿಗೇ ನಿಲ್ಲಿಸಬೇಕು ಎಂದು ಒಪ್ಪಿದರು. ಮಿಕ್ಕ ದಿನಗಳಿಗೆ ಬಡವರ ಊಟ ಆಗಲಿ ಎಂದು ದಾದಿಮಾ ತಾವೇ ಹೇಳಿದರು. ಅದು ಯಾರ ಆರ್ಡರೂ ಆಗಿರಲಿಲ್ಲ.

ದಾದಿಮಾ ಆರಿಸಿಕೊಂಡದ್ದು ರಂಜಾನಿನ ಕೊನೆಯ ಶುಕ್ರವಾರ. ಬೆಳಗಿನ ಜಾವ ನಿಯ್ಯತ್ತನ್ನು ಅವರು ತಮ್ಮ ಕನ್ನಡದಲ್ಲೇ ಹೇಳಿಕೊಂಡರು: "ದ್ಯಾವ್ರೇ, ಇದು ನಾನ್ ಮಡುಗ್ತಿರೋದು, ಒಪ್ಕೊ." ಅಬ್ಬಾ ತಿದ್ದಲಿಲ್ಲ.

ಅಂದು ಅಬ್ಬಾ ಅಂಗಡಿ ತೆರೆಯಲಿಲ್ಲ. ಜುಮ್ಮಾ ನಮಾಜಿಗೆ ಹೋಗಿ ಓಡೋಡಿ ಬಂದರು. ಜೇಬಿನಲ್ಲಿ ಗ್ಲೂಕೋಸಿನ ಪೊಟ್ಟಣ ಇಟ್ಟುಕೊಂಡು ದಾದಿಮಾನ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಒಬ್ಬ ರೈತ ಮನೆಯ ತನಕ ಹುಡುಕಿಕೊಂಡು ಬಂದ. "ಸಾಬ್ರೆ, ಮೋಟ್ರು ಸುಟ್ಟೋಗದೆ, ಗದ್ದೆ ಒಣಗ್ತಾ ಕೂತದೆ." ಅಬ್ಬಾ ಕೂತಲ್ಲಿಂದಲೇ, "ಇವತ್ತು ಬೇಡಪ್ಪಾ, ನಮ್ಮಮ್ಮ ರೋಜಾ ಇದ್ದಾರೆ," ಎಂದರು. ಆ ರೈತನಿಗೆ ಏನು ಅರ್ಥವಾಯಿತೋ, ಒಳಗೆ ಇಣುಕಿ ದಾದಿಮಾಗೆ ಕೈಮುಗಿದು ಹೋದ. ನಾನು ಹಜಾರದಲ್ಲಿ ಎಲ್ಲರಿಗೂ ಕಾಣುವ ಹಾಗೆ ಅನ್ನ, ಬೇಳೆ ಸಾರು ಉಣ್ಣುತ್ತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಅಬ್ಬಾ ಗಳಿಗೆಗೊಂದು ಸಲ ಕೇಳತೊಡಗಿದರು. ಹಣೆ ಮುಟ್ಟುವುದು, ಕೈ ಹಿಡಿದು ನೋಡುವುದು, "ಅಮ್ಮಾ, ಸಾಕಾ? ನಿಲ್ಲಿಸ್ತೀರಾ?" ಅನ್ನುವುದು. ದಾದಿಮಾ "ಬ್ಯಾಡ" ಅನ್ನುವರು. ಮತ್ತೆ, "ಅಮ್ಮಾ, ಸಾಕಾ?" ಮತ್ತೆ, "ಬ್ಯಾಡ." ನೋಡುತ್ತಿದ್ದ ಅಮ್ಮಿಗೇ ರೇಗಿಹೋಗಿ, "ಅವರನ್ನು ಸ್ವಲ್ಪ ಹೊತ್ತು ಸುಮ್ಮನೆ ಇರಲು ಬಿಡಿ ಅಂದ್ರೆ," ಎಂದರು.

"ಕೇಳ್ಲಿ ಬುಡವ್ವ," ಎಂದರು ದಾದಿಮಾ. ದಿಂಬಿಗೆ ಒರಗಿಕೊಂಡು, ಕಣ್ಣು ಮುಚ್ಚಿ, ಮಗನ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡಿದ್ದರು. ಅವರ ಮುಖದಲ್ಲಿ ಅಷ್ಟು ಸುಖವನ್ನು ನಾನು ಯಾವ ಹಬ್ಬದಲ್ಲೂ ನೋಡಿರಲಿಲ್ಲ. "ನೀನು ಕೇಳ್ತಾ ಇರು ಮಗ, ನಾನು ಬ್ಯಾಡ ಅಂತಾ ಇರ್ತೀನಿ. ಇಂಗೇ ಸಂಜೆ ಆಯ್ತದೆ."